ಅವಳದು ಬೇರೆ ವ್ಯವಸ್ಥೆ

ದಾವಣಗೆರೆ
22 ಜೂನ್ 2025, ಭಾನುವಾರ

ತೀರ್ಥರೂಪರಾದ ಅಪ್ಪನಿಗೆ,

ಯಶೋದಾಳ ನಮಸ್ಕಾರ. ನಾವೆಲ್ಲ ಆರೋಗ್ಯವಾಗಿದ್ದೇವೆ. ಕ್ಷೇಮವೋ ಅಲ್ಲವೋ ಎಂಬುದನ್ನು ಈ ಪತ್ರ ಓದಿ ನೀವೇ ತೀರ್ಮಾನಿಸಿ. ದಿನೇಶ ಫೋನು ಮಾಡಿ ಬಹಳ ದಿನವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ತಡವಾದದ್ದಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ, ಉತ್ತರಕ್ಕಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕುತ್ತೀರಿ. ನಾನು ನಿಮಗೆ ಹೇಳಿದ್ದಕ್ಕೆ ದಿನೇಶ, ಅವ್ವ, ಪಕ್ಕದ ಮನೆಯವರು ಎಲ್ಲರೂ ಉತ್ತರ ಕೊಡುತ್ತಾರೆ. ಪತ್ರವನ್ನಾದರೆ ಒಬ್ಬರೇ ಓದಬಹುದು. ಕಣ್ಣಿನ ಪೊರೆ ತೆಗೆಸಿದ ಮೇಲೆ ನಿಮಗೆ ಸಣ್ಣ ಅಕ್ಷರ ಕಷ್ಟವಾಗುತ್ತಿದೆ ಎಂದು ಅವ್ವ ಹೇಳಿದ್ದಳು. ಅದಕ್ಕೇ ದೊಡ್ಡದಾಗಿ ಬರೆಯುತ್ತಿದ್ದೇನೆ. ಹನಿ ಹಾಕಿಕೊಳ್ಳುವುದನ್ನು ಬಿಡಬೇಡಿ.

ದಿನೇಶ ಹೇಳಿದ್ದು ಇಷ್ಟು: "ಅಪ್ಪ ಹೇಳ್ಯಾರಕ್ಕ, ಪರಶುನ್ನ ಇಂಗ್ಲಿಷ್ ಶಾಲೆಗೆ ಕಳ್ಸೋವರೆಗೂ ನಿಮ್ಮನೆ ಹೊಸ್ತಿಲು ತುಳಿಯಲ್ಲಂತೆ. ಸೀಟು ಈ ತಿಂಗಳ ಕೊನೆತನಕ ಹಿಡಿದಿಟ್ಟಿರ್ತಾರಂತೆ. ಆಮೇಲೆ ಯಾರನ್ನೂ ಅನ್ನಬ್ಯಾಡ."

ಆ ಸೀಟಿಗಾಗಿ ನೀವು ಎಷ್ಟು ಓಡಾಡಿದಿರಿ ಎಂಬುದು ನನಗೆ ಗೊತ್ತು. ಬೇಸಿಗೆಯ ಬಿಸಿಲಿನಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು, ಹರಿಹರದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದಿರಿ. ಮೊಮ್ಮಗನ ಮೇಲಿನ ಆ ಪ್ರೀತಿಗೆ ನಾನು ಹೆಸರಿಡುವುದಿಲ್ಲ. ಆದರೆ ಪರಶು ಒಬ್ಬನೇ ಹುಟ್ಟಿದವನಲ್ಲ. ಅವನಿಗಿಂತ ಕೆಲವು ನಿಮಿಷ ಮೊದಲು ಸ್ವಾತಿ ಹುಟ್ಟಿದಳು. ಇಬ್ಬರೂ ಒಂದೇ ತೊಟ್ಟಿಲಲ್ಲಿ ಮಲಗಿದರು, ಕೈ ಹಿಡಿದುಕೊಂಡು ಒಂದೇ ಅಂಗನವಾಡಿಗೆ ಹೋದರು. ಒಬ್ಬರಿಗೆ ಜ್ವರ ಬಂದರೆ ಸಂಜೆಯೊಳಗೆ ಇನ್ನೊಬ್ಬರಿಗೂ ಬರುತ್ತಿತ್ತು. ಒಂದನೇ ತರಗತಿಯ ಹೊತ್ತಿಗೆ ನೀವೂ ನಿಮ್ಮ ಅಳಿಯನೂ ಕೂತು ಮಾತಾಡಿದಿರಿ. ಹುಡುಗನಿಗೆ ವ್ಯಾನು, ಟೈ, ಇಂಗ್ಲಿಷ್ ಶಾಲೆ. ಹುಡುಗಿಗೆ ಓಣಿಯ ಸರ್ಕಾರಿ ಶಾಲೆ. ನಾನು ಚಹಾ ತರುವಷ್ಟರಲ್ಲಿ ಮಾತು ಮುಗಿದಿತ್ತು.

ನಮ್ಮ ಮನೆಯ ಪದ್ಧತಿಯನ್ನು ನಾನು ಮರೆತಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು, ತಟ್ಟೆಯ ಅಕ್ಕಿಯಲ್ಲಿ ಮೊದಲ ಅಕ್ಷರ ಬರೆಸಿದವರೇ ಅದರ ಶಾಲೆಯನ್ನೂ ಹೇಳಬೇಕು. ಬಸವ ಜಯಂತಿಯ ದಿನ ನೀವು ಪರಶುಗೆ ಬರೆಸಿದಿರಿ, ಅವನ ಶಾಲೆ ಹೇಳಿದಿರಿ. ಸ್ವಾತಿಗೆ ಯಾರೂ ಬರೆಸಲಿಲ್ಲ. ಹಾಗಾಗಿ ಅವಳ ಶಾಲೆಯನ್ನು ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಅದು ತಾನಾಗಿಯೇ ಓಣಿಯ ಕೊನೆಯಲ್ಲಿತ್ತು.

ಆವರೆಗೂ ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಅಭ್ಯಾಸ ಎಂದು ನಿಮಗೇ ಗೊತ್ತು. ಆಮೇಲೆ ಏನಾಯಿತು ಎಂಬುದನ್ನು ನಿಮ್ಮ ಅಳಿಯ ನಿಮಗೆ ಹೇಳಿರಲಾರರು, ನಾನು ಹೇಳುತ್ತೇನೆ.

ಮೇ ತಿಂಗಳಲ್ಲಿ ಆ ಶಾಲೆಯವರು ಹುಡುಗನನ್ನು ನೋಡಬೇಕೆಂದು ಕರೆದರು. ನಿಮ್ಮ ಅಳಿಯ ಮಂಡಿಪೇಟೆಯ ಅಂಗಡಿಗೆ ಅರ್ಧ ದಿನ ರಜೆ ಹೇಳಿ ಬಂದರು. ಅತ್ತೆ ಊರಲ್ಲಿರಲಿಲ್ಲ, ಸ್ವಾತಿಯನ್ನು ಬಿಟ್ಟುಹೋಗಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳನ್ನೂ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಕೂರಿಸಿದೆವು. ಒಳಗೆ ಮೇಡಂ ಒಂದು ಚಿತ್ರ ತೋರಿಸಿ ಬಣ್ಣ ಕೇಳಿದರು. ಪರಶು ಬಾಗಿಲ ಕಡೆ ನೋಡಿದ. ಯಾವ ಮಾತಿಗೂ ಮೊದಲು ಅವನು ಅಕ್ಕನ ಮುಖ ನೋಡುವವನಲ್ಲವೇ. ಮೇಡಂ ಮತ್ತೊಮ್ಮೆ ಕೇಳಿದರು. ಅವನ ಮುಖ ಅಳುವ ಹಾಗಾಯಿತು. ಅಷ್ಟರಲ್ಲಿ ಕಿಟಕಿಯ ಸರಳಿನ ನಡುವೆ ಸ್ವಾತಿಯ ಮೂಗು ಕಾಣಿಸಿತು.

"ರೆಡ್ ಅನ್ನೋ, ರೆಡ್ಡು! ಮಿಸ್, ಅವ್ನಿಗೆ ಗೊತ್ತೈತ್ರಿ, ನಾಚ್ಕೆ ಅಷ್ಟೆ!"

ಮೇಡಂ ಜೋರಾಗಿ ನಕ್ಕರು. ಒಳ್ಳೆಯ ಹೆಂಗಸು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. "ಯಾರ್ರೀ ಇವಳು? ಇವಳನ್ನೂ ಒಳಗೆ ಕರ್ಕೊಂಡ್ ಬರ್ರಿ. ಇಬ್ಬರಿಗೂ ಸೀಟು ಕೊಡೋಣ," ಎಂದರು.

"ಬ್ಯಾಡ ಮೇಡಂ," ಎಂದರು ನಿಮ್ಮ ಅಳಿಯ. "ಅವಳದು ಬೇರೆ ವ್ಯವಸ್ಥೆ ಆಗೈತೆ."

ಆಟೋದಲ್ಲಿ ಬರುವಾಗ ಸ್ವಾತಿ ನನ್ನ ಸೆರಗು ಹಿಡಿದು ಕೇಳಿದಳು: "ಅಮ್ಮ, ವ್ಯವಸ್ಥೆ ಅಂದ್ರೆ ಏನು? ಅದಕ್ಕೂ ವ್ಯಾನು ಬರುತ್ತಾ?" ಅವಳ ಅಪ್ಪ ರಸ್ತೆ ನೋಡುತ್ತಾ ಕೂತಿದ್ದರು.

ಮನೆಗೆ ಬಂದ ಮೇಲೆ ಹೇಳಿದೆ: ಇಬ್ಬರನ್ನೂ ವ್ಯಾನು ಹತ್ತಿಸಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. "ಇಬ್ಬರಿಗೂ ಫೀಸು ಕಟ್ಟೋಕಾಗಲ್ಲ ಯಶೋದಾ," ಎಂದರು. ಅದು ನಿಜ, ನಾನೂ ಒಪ್ಪುತ್ತೇನೆ. ಹಾಗಾದರೆ ಇಬ್ಬರೂ ಓಣಿಯ ಶಾಲೆಗೆ ಹೋಗಲಿ ಎಂದೆ. "ಅಲ್ಲಿಗೆ ಪರಶುನ್ನ ಹೆಂಗೆ ಕಳ್ಸೋದು?" ಎಂದರು. ಅವರಾಡಿದ ಮಾತು ಅವರ ಕಿವಿಗೇ ಬೀಳಲಿ ಎಂದು ಕಾದೆ. ಬೀಳಲಿಲ್ಲ.

ಶಾಲೆ ಶುರುವಾದ ದಿನ ಬೆಳಿಗ್ಗೆ ಹಮ್ಜಾ ವ್ಯಾನು ತಂದು ಹಾರ್ನ್ ಹೊಡೆದ. ಪರಶು ಟೈ ಕಟ್ಟಿಕೊಂಡು ನಿಂತಿದ್ದ. ನಾನು ಹೊರಗೆ ಹೋಗಿ, "ಇವನು ಬರಲ್ಲಪ್ಪ, ನೀನು ಹೊರಡು," ಎಂದೆ. "ಹುಷಾರಿಲ್ಲೇನಕ್ಕ? ನಾಳೆ ಬರ್ಲಾ?" ಎಂದ. "ನಾಳೆನೂ ಬ್ಯಾಡ," ಎಂದೆ. ಅವನು ನನ್ನ ಮುಖ ನೋಡಿ, ಏನೋ ಅರ್ಥವಾದವನ ಹಾಗೆ ಗೇರು ಹಾಕಿಕೊಂಡು ಹೋದ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಏನವ್ವ, ಹುಡುಗಂದು ಬಾಳು ಹಾಳು ಮಾಡ್ಬೇಕಂತ ಮಾಡೀಯೇನು? ಆ ಶಾಲೆ ಗ್ವಾಡಿ ನೋಡಿದ್ರೆ ಇವತ್ತು ಬೀಳುತ್ತೋ ನಾಳೆ ಬೀಳುತ್ತೋ ಅನ್ನಂಗೈತೆ!"

"ನಿನ್ನೆತನಕ ಸ್ವಾತಿಗೆ ಅದೇ ಗ್ವಾಡಿ ಗಟ್ಟಿಯಾಗೇ ಇತ್ತಲ್ಲತ್ತೆ," ಎಂದೆ.

ನಿಮಗೂ ಇದೇ ನನ್ನ ಉತ್ತರ, ಅಪ್ಪ. ಆ ಶಾಲೆ ಚೆನ್ನಾಗಿದ್ದರೆ ಪರಶು ಅಲ್ಲಿ ಓದಲಿ. ಚೆನ್ನಾಗಿಲ್ಲದಿದ್ದರೆ ಸ್ವಾತಿಯನ್ನು ಅಲ್ಲಿಗೆ ಕಳಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಶಾಲೆಯ ಬಗ್ಗೆ ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಅವತ್ತೇ ಪರಶುವನ್ನು ಸೇರಿಸಲು ಹೋದಾಗ ಟೀಚರ್ ನಿರ್ಮಲಮ್ಮನವರೂ ಹಚ್ಚಲಿಲ್ಲ. "ನೋಡಮ್ಮ, ಸುಳ್ಳು ಹೇಳಂಗಿಲ್ಲ. ಮೂರು ಕ್ಲಾಸಿನ ಮಕ್ಳು ಒಂದೇ ಕೋಣೇಲಿ ಕೂಡ್ತಾರೆ. ಆ ಕಿಟಕಿಗೆ ಬಾಗ್ಲಿಲ್ಲ, ಮಳೆ ಬಂದ್ರೆ ಎಲ್ಲಾ ಈ ಕಡೆ ಸರೀತೀವಿ. ನನ್ನ ಮಗಾನೂ ಕಾನ್ವೆಂಟಲ್ಲೇ ಓದಿದ್ದು. ಇಷ್ಟು ಕೇಳೂ ಸೇರಿಸ್ತೀರಾ?"

"ಮಗಳಿಲ್ವಾ ಮೇಡಂ?" ಎಂದೆ.

ಅವರು ನನ್ನನ್ನೇ ನೋಡಿ, ನಗಬೇಕೋ ಬೇಡವೋ ಎಂದು ತಿಳಿಯದೆ ನಕ್ಕರು. "ಇದ್ದಾಳೆ. ಇದೇ ಶಾಲೇಲಿ ಓದಿದ್ಳು ಕಣಮ್ಮ," ಎಂದರು.

ಕೋಣೆಯೊಳಗೆ ಇಣುಕಿದೆ. ಹುಡುಗಿಯರೇ ಹೆಚ್ಚು. ನಮ್ಮ ಎದುರು ಮನೆಯ ಖುರ್ಷೀದಾಳ ಮಗಳಿದ್ದಳು, ಮೂಲೆಮನೆಯ ಅಕ್ಕತಂಗಿಯರಿದ್ದರು, ಹಿಟ್ಟಿನ ಗಿರಣಿಯವರ ಮೊಮ್ಮಗಳಿದ್ದಳು. ಅವರ ಅಣ್ಣತಮ್ಮಂದಿರು ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಅವರೆಲ್ಲ ಆಗಷ್ಟೇ ಹಮ್ಜಾನ ವ್ಯಾನಿನಲ್ಲಿ ನನ್ನ ಮುಂದೆಯೇ ಹೋಗಿದ್ದರು.

ಜೂನ್ ಎರಡನೆಯ ವಾರದಲ್ಲಿ ಒಂದು ದೊಡ್ಡ ಮಳೆ ಬಂತು. ಪರಶು ಒದ್ದೆ ಬ್ಯಾಗು ತಂದ. ಸ್ವಾತಿಯದೂ ಒದ್ದೆಯಾಗಿತ್ತು. ಮರುದಿನ ನಿಮ್ಮ ಅಳಿಯ ಯಾರಿಗೂ ಏನೂ ಹೇಳದೆ, ಅಂಗಡಿಗೆ ಹೋಗುವ ಮುಂಚೆ ಬಡಿಗನನ್ನು ಕರೆದುಕೊಂಡು ಹೋಗಿ ಆ ಕಿಟಕಿಗೆ ಬಾಗಿಲು ಹಾಕಿಸಿದರು. ಸಂಜೆ ಬಂದು, "ಕಕ್ಕಸಿನ ಚಿಲಕನೂ ಸರಿಯಿಲ್ಲ ಅಲ್ಲಿ. ಯಾರೂ ನೋಡೇ ಇಲ್ಲ ನೋಡು," ಎಂದರು. ಹುಡುಗಿಯರು ನೋಡಿದ್ದರು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳಂತೆ. ಗಂಡುಮಗ ಒಳಗೆ ಕೂತ ಮೇಲೆ ಅದು ಅಪ್ಪಂದಿರಿಗೂ ಕಾಣುತ್ತಿದೆ. ಒಳ್ಳೆಯದೇ ಆಯಿತು, ಕಾಣಲಿ.

ಇಂಗ್ಲಿಷ್ ಬಗ್ಗೆ ನನಗೂ ಹೆದರಿಕೆ ಇದೆ. ಸಂಜೆ ಇಬ್ಬರನ್ನೂ ಕೂರಿಸಿಕೊಂಡು ನನಗೆ ಬಂದಷ್ಟು ಹೇಳಿಕೊಡುತ್ತೇನೆ. ಅದು ಸಾಲದಿರಬಹುದು. ಸಾಲದೆ ಹೋದರೆ ಇಬ್ಬರಿಗೂ ಸಾಲದು. ಒಬ್ಬರಿಗೆ ಮಾತ್ರ ಸಾಲುವ ಹಾಗೆ ನಾನು ಹಂಚುವುದಿಲ್ಲ.

ನಾನು ಹಟ ಮಾಡುತ್ತಿದ್ದೇನೆ ಎಂದು ನೀವು ಅವ್ವನ ಹತ್ತಿರ ಹೇಳಿದಿರಂತೆ. ಹೌದು, ಹಟವೇ. ಸೀಟು ತಿಂಗಳ ಕೊನೆಯವರೆಗೂ ಕಾಯಬೇಕಾಗಿಲ್ಲ. ನಿನ್ನೆ ನಾನೇ ಆ ಶಾಲೆಗೆ ಹೋಗಿ, ಬೇರೆಯವರಿಗೆ ಕೊಡಿ ಎಂದು ಹೇಳಿ ಬಂದೆ. ಯಾವುದಾದರೂ ಹುಡುಗಿಗೆ ಕೊಡಿ ಎಂದೂ ಹೇಳಿದೆ. ಮೇಡಂ, "ಆ ಕಿಟಕಿ ಹುಡುಗಿ ಹೆಂಗಿದಾಳೆ?" ಎಂದು ಕೇಳಿದರು.

ಹೊಸ್ತಿಲು ತುಳಿಯುವುದು ಬಿಡುವುದು ನಿಮ್ಮ ಇಷ್ಟ. ಬರುವುದಾದರೆ ಸಂಜೆ ಬನ್ನಿ, ಇಬ್ಬರೂ ಒಟ್ಟಿಗೇ ಶಾಲೆಯಿಂದ ಬರುತ್ತಾರೆ. ಅವ್ವನಿಗೆ ನಮಸ್ಕಾರ ತಿಳಿಸಿ. ಮಕ್ಕಳಿಗೆ ಆಶೀರ್ವಾದ ಕಳಿಸುವುದಾದರೆ ಎರಡು ಕಳಿಸಿ. ಒಂದೇ ಇದ್ದರೆ ಅದು ನಿಮ್ಮಲ್ಲೇ ಇರಲಿ.

ನಿಮ್ಮ ಮಗಳು,
ಯಶೋದಾ

ತಾ.ಕ.: ಬಸವ ಜಯಂತಿಯ ದಿನದ ಒಂದು ಮಾತನ್ನು ಮೇಲೆ ಬರೆಯಲಿಲ್ಲ. ನಾವು ಚಿಕ್ಕವರಿದ್ದಾಗ ನೀವು ದಿನೇಶನಿಗೆ ಅಕ್ಕಿಯಲ್ಲಿ ಬರೆಸಿದಿರಿ. ತಟ್ಟೆ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತವಳು ನಾನು. ಅವನದು ಮುಗಿದ ಮೇಲೆ ನನ್ನ ಸರದಿ ಎಂದು ಕಾದಿದ್ದೆ. ಅಜ್ಜಿ ತಟ್ಟೆ ಎತ್ತಿಕೊಂಡು, "ಹೆಣ್ಮಕ್ಕಳಿಗೆ ಅಕ್ಕಿ ಕೆದಕೋಕೆ ಅಡಿಗೆಮನೆ ಐತಲ್ಲ," ಎಂದು ಒಳಗೆ ಹೋದಳು. ಎಲ್ಲರೂ ನಕ್ಕರು. ಅಪ್ಪನಿಗೆ ನಾನು ಅಲ್ಲಿದ್ದದ್ದೇ ಗೊತ್ತಾಗಲಿಲ್ಲ ಎಂದುಕೊಂಡು, ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿಲ್ಲದೆ ಇದ್ದೆ. ಈ ಸಲ ನೀವು ಪರಶುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸ್ವಾತಿಯ ಕೈಗೆ ತಟ್ಟೆ ಕೊಟ್ಟಿರಿ. "ಅಲ್ಲಾಡದಂಗೆ ಹಿಡ್ಕಳೆ ಪುಟ್ಟಿ. ನಿಮ್ಮವ್ವ ಭಾರಿ ಚೆನ್ನಾಗಿ ಹಿಡ್ಕೊಂಡಿದ್ಲು," ಎಂದಿರಿ.

ನಿಮಗೆ ನೆನಪಿತ್ತು, ಅಪ್ಪ.

ಶಾಲೆ ಶುರುವಾಗುವ ಹಿಂದಿನ ದಿನ ನಾನು ಸ್ವಾತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರೆಸಿದೆ. ತಟ್ಟೆ ಹಿಡಿದವನು ಪರಶು. ಅಲ್ಲಾಡಿಸಿಬಿಟ್ಟ, ಅಕ್ಷರ ಸೊಟ್ಟಗಾಯಿತು. ಸ್ವಾತಿ ಅಳಿಸಿ ಮತ್ತೆ ಬರೆದಳು. ಹಿಡಿಯುವುದನ್ನು ಅವನೂ ಕಲಿಯಬೇಕಲ್ಲ.