ಪಂಕ್ತಿಯಿಂದ ಏಳದವರು

ಮಾರ್ಚ್ ೮೧೧, ಇಸವಿ ೨೨೦೬
ಪಂಕ್ತಿಮನೆ, ವಿಧಾನಸಭೆ

ಎಂದೋ ಆಗಿಹೋದ ನಮ್ಮ ಹಿರಿಯರಿಗೆ,

ತಾರೀಖು ನೋಡಿ ಈ ಹೆಂಗಸಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಅಧಿವೇಶನ ಮುಗಿಯುವವರೆಗೆ ಸದನದ ಒಳಗೆ ತಿಂಗಳು ಮುಗಿಯುವುದಿಲ್ಲ. ಮಾರ್ಚಿನಲ್ಲಿ ಸೇರಿದೆವು, ಇನ್ನೂ ಮಾರ್ಚಿನಲ್ಲೇ ಇದ್ದೇವೆ. ಹೊರಗೆ ಎರಡು ದೀಪಾವಳಿ ಆಗಿಹೋದವು. ಒಳಗೆ ಯುಗಾದಿಯ ಬೇವಿನ ಕಹಿಯೇ ಇನ್ನೂ ಇಳಿದಿಲ್ಲ. ಈ ಕಾಗದ ನಿಮಗೆ ಮುಟ್ಟುವುದು ಹಿಂದಂಚೆಯ ಮೂಲಕ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಟಪಾಲು ಒಯ್ಯುವ ನಮ್ಮ ಇಲಾಖೆ. ಮುಟ್ಟುತ್ತದೆಯೇ ಎಂದು ಕೇಳಿದರೆ ಗುಮಾಸ್ತರು ನಗುತ್ತಾರೆ, ಆದರೆ ಅಂಚೆಚೀಟಿ ಮಾತ್ರ ಅಂಟಿಸಿಕೊಳ್ಳುತ್ತಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ. ನಿಮ್ಮ ಕಾಲದ ನಡಾವಳಿಗಳಲ್ಲಿ ‘ಸಭಾತ್ಯಾಗ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಅರ್ಥ ಹುಡುಕಿದೆವು: ಸಿಟ್ಟು ಬಂದವರು ಎದ್ದು ಹೊರಗೆ ನಡೆಯುವುದಂತೆ. ಅದನ್ನು ಓದಿ ಕರಾವಳಿಯ ಸದಸ್ಯರೊಬ್ಬರು ಕಣ್ಣೊರೆಸಿಕೊಂಡರು. ಹೊರಗೆ ನಡೆಯುವುದೇ ಪ್ರತಿಭಟನೆಯಾಗಿದ್ದ ಕಾಲವೂ ಒಂದಿತ್ತೆ!

ನಾನು ಫಕೀರವ್ವ, ನೀಲಗಟ್ಟಿ ಕ್ಷೇತ್ರದ ಶಾಸಕಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವಳು, ನಲವತ್ತು ದಾಟಿದ ನಡುವಯಸ್ಸಿನವಳು. ಪ್ರಾಸ ಸಿಕ್ಕರೆ ಬಿಡುವವಳಲ್ಲ, ಇದು ನನ್ನ ಒಂದೇ ಚಟ. ನಾನೊಂದು ಪ್ರಶ್ನೆ ಕೇಳಿದೆ. ಅಂದಿನಿಂದ ಇಲ್ಲಿದ್ದೇನೆ.

ಹೇಗೆ ಎನ್ನುವುದನ್ನು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಸದಸ್ಯರು ಪ್ರಶ್ನೆ ಕೇಳುತ್ತಿದ್ದರು, ಸಚಿವರು ಮಾಹಿತಿ ತರಿಸಿ ಹೇಳುತ್ತೇನೆ ಎನ್ನುತ್ತಿದ್ದರು, ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು, ಎಲ್ಲರೂ ಕಾಫಿಗೆ ಹೋಗುತ್ತಿದ್ದರು. ನಿಮ್ಮ ಮೊಮ್ಮಕ್ಕಳಿಗೆ ಇದು ಸಾಕಾಗಿ ಒಂದು ಸಮಿತಿ ಮಾಡಿದರು. ಸಮಿತಿಯವರು ಯಾರದೋ ಮದುವೆಗೆ ಹೋಗಿ ಬಾಳೆಲೆಯ ಮುಂದೆ ಕೂತಾಗ ಅವರಿಗೆ ಜ್ಞಾನೋದಯವಾಯಿತು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿದ್ದರೂ ಉಳಿದವರು ಏಳುವುದಿಲ್ಲ. ಬಡಿಸುವವರು ಸಾಕೇ ಎಂದು ಕೇಳುತ್ತಾರೆ, ಉಣ್ಣುವವರು ಸಾಕು ಎನ್ನುವವರೆಗೆ ಬಡಿಸುತ್ತಾರೆ. ಇದಕ್ಕಿಂತ ಒಳ್ಳೆಯ ಪ್ರಶ್ನೋತ್ತರ ಉಂಟೆ? ಕೈ ತೊಳೆಯುವ ಮೊದಲೇ ಮದುವೆಮನೆಯ ರೀತಿಯನ್ನು ಇಡಿಯಾಗಿ ಎತ್ತಿ ಕಾನೂನು ಮಾಡಿದರು. ಪ್ರಶ್ನೆ ಕೇಳಿದವರೂ ಉತ್ತರಿಸುವ ಸಚಿವರೂ ಅಕ್ಕಪಕ್ಕ ಮಣೆ ಹಾಕಿಕೊಂಡು ಕೂರಬೇಕು. ಕೇಳಿದವರು ‘ಸಾಕು’ ಎನ್ನುವವರೆಗೆ ಇಬ್ಬರೂ ಏಳುವಂತಿಲ್ಲ. ಸಾಕು ಎಂದರೆ ಎಲೆ ಮಡಚಿದಂತೆ. ಆ ಪ್ರಶ್ನೆಯನ್ನು ಮತ್ತೆ ಯಾರೂ, ಎಂದೂ ಕೇಳುವಂತಿಲ್ಲ. ರಾಜ್ಯವೆಲ್ಲ ಚಪ್ಪಾಳೆ ತಟ್ಟಿತು. ನಾನೂ ಶಾಲೆಯಲ್ಲಿದ್ದಾಗ ಅದರ ಮೇಲೆ ಎರಡು ಸಾಲು ಕಟ್ಟಿ ಸ್ಟೀಲಿನ ಲೋಟ ಗೆದ್ದಿದ್ದೆ:

ಕೇಳಿದವರ ಹಸಿವು ತೀರುವತನಕ
ಹೇಳುವವರ ಎಲೆ ಎತ್ತದಿರು ಸೇವಕ.

ಸಮಿತಿಯವರು ಒಂದು ಕಡೆ ಎಡವಿದರು. ಕೇಳುವವರನ್ನು ಹೆಸರು ಹಿಡಿದು ಕಟ್ಟಿಹಾಕಿದರು. ಉತ್ತರಿಸುವವರನ್ನು ಖಾತೆ ಹಿಡಿದು ಕಟ್ಟಿಹಾಕಿದರು. ಮಣೆಯ ಮೇಲೆ ಕೂರಬೇಕಾದ್ದು ಆರೋಗ್ಯ ಸಚಿವರು, ಆ ದಿನ ಯಾರಿದ್ದರೆ ಅವರು. ನನ್ನ ಪಕ್ಕ ಮೊದಲು ಕೂತವರು ಒಂದು ವಾರ ಬೆವರಿದರು. ಎಂಟನೆಯ ದಿನ ಅವರಿಗೆ ಮೀನುಗಾರಿಕೆ ಖಾತೆ ಸಿಕ್ಕಿತು, ಮೀನಿನಂತೆ ನುಸುಳಿ ಹೋದರು. ಅವರ ಜಾಗಕ್ಕೆ ಬಂದವರು ನಮಸ್ಕಾರ ಮಾಡಿ, “ನಾ ಈಗಷ್ಟ ಅಧಿಕಾರ ವಹಿಸ್ಕೊಂಡೀನ್ರಿ ಅಕ್ಕಾರ, ಸ್ವಲ್ಪ ತಿಳಕೊಳ್ಳಾಕ ಬಿಡ್ರಿ” ಎಂದರು. ತಿಳಿದುಕೊಳ್ಳುವಷ್ಟರಲ್ಲಿ ಅವರೂ ಬದಲಾದರು. ಹೀಗೆ ಸಚಿವರು ಬರುತ್ತಾರೆ, ಬೆವರುತ್ತಾರೆ, ಬದಲಾಗುತ್ತಾರೆ. ಬದಲಾಯಿಸಲು ನನಗೆ ಇನ್ನೊಬ್ಬ ಫಕೀರವ್ವ ಇಲ್ಲ.

ಜಾಣರಾದ ಸದಸ್ಯರು ಈಗ ಎಚ್ಚರಿಕೆಯಿಂದ ಪ್ರಶ್ನೆ ಕೇಳುತ್ತಾರೆ. “ಮಾನ್ಯ ಸಚಿವರ ಮೊಮ್ಮಗಳು ನಡೀಲಿಕ್ಕೆ ಕಲಿತಳೇ?” “ಕಲಿತಳು.” “ಸಾಕು.” ಎದ್ದು ಊಟಕ್ಕೆ ಹೋಗುತ್ತಾರೆ. ನಿಜವಾದ ಪ್ರಶ್ನೆ ಕೇಳಿದ ನಾವು ಕೆಲವರು ಸಭಾಂಗಣದ ಹಿಂದಿನ ಪಂಕ್ತಿಮನೆಯಲ್ಲಿ ಬಾಳುತ್ತೇವೆ. ಒಳಗೆ ಓಡಾಡಬಹುದು, ಬಾಗಿಲು ದಾಟಿದರೆ ಎದ್ದಂತೆ. ಇಲ್ಲಿ ಕಿಟಕಿಯಿಲ್ಲ. ಚಾವಣಿಯಲ್ಲಿ ತೂಗುಸೂರ್ಯ ಎಂಬ ದೀಪವೊಂದು ಕಂಬಿಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಜಾರುತ್ತದೆ. ಆಗಾಗ ನಡುವೆ ಸಿಕ್ಕಿಹಾಕಿಕೊಂಡು ನಮಗೆ ಎರಡೆರಡು ದಿನ ಮಧ್ಯಾಹ್ನವೇ ಇರುತ್ತದೆ. ಎಣ್ಣೆ ಹಾಕುವವರು ಬಂದಾಗ ಸಂಜೆಯಾಗುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅದೇ ಉಪ್ಪಿಟ್ಟಿಗೆ ಒಗ್ಗರಣೆ. ಕರಾವಳಿಯ ಸದಸ್ಯರು ಸೇತುವೆಯ ಬಗ್ಗೆ ಕೇಳಿ ನನಗಿಂತ ಮೊದಲು ಸಿಕ್ಕಿಬಿದ್ದವರು. ಗೋಡೆಯ ಮೇಲೆ ಇದ್ದಿಲಿನಲ್ಲಿ ಸಮುದ್ರ ಬರೆದುಕೊಂಡಿದ್ದಾರೆ. ಬಂಧುಗಳು ಬಂದರೆ ಬಾಗಿಲ ಜಾಲರಿಯ ಆಚೆಯಿಂದ ಮಾತಾಡಬಹುದು. ನನ್ನ ಮಗಳು ಶಿವಲೀಲಾಳ ಮದುವೆಯನ್ನು ನಾನು ನೋಡಿದ್ದು ಆ ಜಾಲರಿಯಿಂದ. ದಂಪತಿ ತಲೆ ಬಾಗಿಸಿ ನಿಂತರು. ಅಕ್ಷತೆ ಎಸೆದೆ. ಅರ್ಧ ಒಳಗೇ ಬಿತ್ತು.

ನನ್ನ ಪ್ರಶ್ನೆ ಇಷ್ಟೇ: ನೀಲಗಟ್ಟಿಯ ಹೆರಿಗೆ ಆಸ್ಪತ್ರೆಯನ್ನು ಏಕೆ ಮುಚ್ಚಿದಿರಿ, ಮತ್ತೆ ಯಾವಾಗ ತೆರೆಯುತ್ತೀರಿ? ಶಿವಲೀಲಾಳ ಜೊತೆಗೆ ಆಡಿ ಬೆಳೆದ ರೇಣವ್ವ ಹೆರಿಗೆಗೆಂದು ಪರವೂರಿಗೆ ಹೊರಟವಳು ದಾರಿಯಲ್ಲೇ, ಟ್ರ್ಯಾಕ್ಟರಿನ ಮೇಲೆ, ತೀರಿಕೊಂಡಳು. ಅವಳ ಮಣ್ಣಿಗೆ ಹೋಗಿ ಬಂದು ನಾನು ಈ ಪ್ರಶ್ನೆ ಬರೆದುಕೊಟ್ಟೆ.

ಆಮೇಲೆ ಶಿವಲೀಲಾ ಬಸುರಿಯಾದಳು. ತಿಂಗಳು ತುಂಬುತ್ತ ಬಂದಂತೆ ಜಾಲರಿಯ ಬಳಿಯ ಮಾತು ಬಿಸಿಯಾಗತೊಡಗಿತು. “ಅವ್ವಾ, ಎರಡ ಅಕ್ಷರ. ಸಾಕು ಅನ್ನು, ಮನಿಗೆ ಬಾ. ಊರ ಹೆಣ್ಮಕ್ಕಳ ಹೆರಿಗಿ ಬಗ್ಗೆ ಇಲ್ಲಿ ಕುಂತು ಕೇಳ್ತಿ. ನಿನ್ನ ಮಗಳ ಹೆರಿಗಿಗೆ ಯಾರ ಬರ್ತಾರ, ಸಭಾಧ್ಯಕ್ಷರು ಬರ್ತಾರೇನು?” ನಾನು ಸಾಕು ಎಂದರೆ ಆ ಆಸ್ಪತ್ರೆಯ ಬಗ್ಗೆ ಇನ್ನು ಯಾರೂ ಬಾಯಿ ತೆರೆಯುವಂತಿಲ್ಲ ಎಂದೆ. “ನೀ ಹೊರಗ ಬಂದ್ರ ನನ್ನ ಕೈ ಹಿಡಿಯಾಕ ಒಬ್ಬರಾದ್ರೂ ಇರ್ತಾರ” ಎಂದಳು. ಅವಳ ಕಾಲು ಊದಿದ್ದು ಜಾಲರಿಯಿಂದಲೇ ಕಾಣುತ್ತಿತ್ತು.

ಆ ಹೊತ್ತಿಗೆ ನನ್ನ ಪಕ್ಕದ ಮಣೆಯಲ್ಲಿದ್ದ ಸಚಿವರು ತೋಟಪ್ಪ ಕೋರಿ. ಸಂಕೋಚದ ಮನುಷ್ಯ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವವರು. ಮಗಳು ಅತ್ತುಕೊಂಡು ಹೋದದ್ದನ್ನು ನೋಡಿದವರು ಅವತ್ತು ಕನ್ನಡಕ ಒರೆಸಿ ಒರೆಸಿ, ಕೊನೆಗೆ ಕೇಳಿದರು: “ಅಕ್ಕಾರ, ನೀವು ಮಲಗೋ ಮಂಚ ಎಂದಾದ್ರೂ ಸರಿಯಾಗಿ ನೋಡೀರೇನು?” ಬೆನ್ನು ನೋವೆಂದು ಇಲ್ಲಿನ ಡಾಕ್ಟರಮ್ಮ ನನಗೊಂದು ಎತ್ತರದ ಕಬ್ಬಿಣದ ಮಂಚ ಹಾಕಿಸಿಕೊಟ್ಟಿದ್ದರು. ಕಾಲ ಕಡೆ ಎರಡು ಆನಿಕೆಗಳಿದ್ದವು; ಬಟ್ಟೆ ಒಣಹಾಕಲು ಅನುಕೂಲವೆಂದು ನಾನು ಸೀರೆ ಹರವುತ್ತಿದ್ದೆ. “ಅದು ಹೆರಿಗಿ ಮಂಚರೀ. ನಿಮ್ಮೂರಿಂದು. ಡಾಕ್ಟರಮ್ಮನೂ ನಿಮ್ಮೂರಿನ ಆಸ್ಪತ್ರೆಗೆ ನೇಮಕ ಆದವರ, ಅಲ್ಲಿ ಕಾಲಿಡೋದ್ರಾಗ ಇಲ್ಲಿಗೆ ಕರಸಿದ್ರು. ಬಾಯಿ ಬಿಟ್ರ ನೌಕರಿ ಹೋಗ್ತೈತಿ ಅಂತ ಸುಮ್ಮನಿದ್ದಾರ.” ಪಂಕ್ತಿಯಲ್ಲಿ ಕೂತವರ ಆರೋಗ್ಯಕ್ಕೆ ಸದನದ ಒಳಗೇ ಆಸ್ಪತ್ರೆ ಇರಬೇಕೆಂದು ಕಾನೂನು. ಹೊಸದು ಕಟ್ಟುವ ಬದಲು ಇರುವುದೊಂದನ್ನು ಎತ್ತಿ ತರುವುದು ಸುಲಭವೆಂದರಂತೆ. ಎಲ್ಲಿಂದ ಎತ್ತಬೇಕು? ಯಾವ ಕ್ಷೇತ್ರದ ಶಾಸಕರು ಅಲ್ಲಿಯವರೆಗೆ ಒಂದೂ ಪ್ರಶ್ನೆ ಕೇಳಿಲ್ಲವೋ ಅಲ್ಲಿಂದ. ಅವರು ಗಲಾಟೆ ಮಾಡುವುದಿಲ್ಲ. ನನಗಿಂತ ಮೊದಲಿನ ನೀಲಗಟ್ಟಿಯ ಶಾಸಕರೆಲ್ಲ ಬಹಳ ಸಭ್ಯರು.

ಸೀರೆ ತೆಗೆದು ಮಡಚಿಟ್ಟೆ. ಆಮೇಲೆ ನನ್ನ ಪ್ರಶ್ನೆಯ ಎರಡನೆಯ ಅರ್ಧ ಕೇಳಿದೆ: ಮತ್ತೆ ಯಾವಾಗ ತೆರೆಯುತ್ತೀರಿ? “ಪಂಕ್ತಿ ಖಾಲಿ ಆದ ದಿನರೀ” ಎಂದರು ತೋಟಪ್ಪ, “ಒಬ್ಬರು ಕುಂತಿದ್ರೂ ಆಸ್ಪತ್ರೆ ಇಲ್ಲೇ ಇರಬೇಕು, ಕಾನೂನು.” ನೀವೇ ನೋಡಿ. ನಾನು ಎದ್ದರೆ ಪ್ರಶ್ನೆ ಸತ್ತಂತೆ. ಸೇತುವೆಯವರು, ಉಳಿದವರು ಕೂತೇ ಇರುತ್ತಾರೆ, ಆಸ್ಪತ್ರೆಯೂ ಇಲ್ಲೇ ಇರುತ್ತದೆ. ನಾನು ಕೂತರೆ ನನ್ನ ನೆಪದಲ್ಲಿ ಅದು ಇಲ್ಲೇ ಇರುತ್ತದೆ. ಎಲ್ಲರೂ ಎದ್ದರೆ ಆಸ್ಪತ್ರೆ ಊರಿಗೆ ಹೋಗಬಹುದು, ಆದರೆ ಆಗ ಈ ರಾಜ್ಯದಲ್ಲಿ ಒಂದು ಪ್ರಶ್ನೆಯೂ ಉಳಿದಿರುವುದಿಲ್ಲ. ಮುಂದಿನ ಸಲ ಏನನ್ನು ಎತ್ತಿಕೊಂಡು ಹೋದರೂ ಕೇಳುವವರಿಲ್ಲ.

ಶಿವಲೀಲಾಗೆ ನೋವು ಶುರುವಾದದ್ದು ಜಾಲರಿಯ ಬಳಿಯೇ, ಮತ್ತೊಮ್ಮೆ ಜಗಳಕ್ಕೆಂದು ಬಂದಿದ್ದಾಗ. ಕಂಬಿ ಹಿಡಿದು ಕೂತುಬಿಟ್ಟಳು. ಅವಳಿಗೂ ನೀಲಗಟ್ಟಿಯ ಮಂಚಕ್ಕೂ ನಡುವೆ ಒಂದು ಬಾಗಿಲು. ಬಾಗಿಲಲ್ಲಿ ಮಾರ್ಷಲ್ ಖಾದರಸಾಬ. “ಸಾರ್ವಜನಿಕರಿಗೆ ಪ್ರವೇಶ ಇಲ್ಲವಾ ನಮ್ಮವ್ವ, ನಾ ಏನ ಮಾಡ್ಲಿ” ಎಂದು ಅವರ ಕಣ್ಣಲ್ಲೂ ನೀರು. ತೋಟಪ್ಪ ನನ್ನ ಕಿವಿಯ ಬಳಿ, “ಸಾಕು ಅಂದುಬಿಡ್ರಿ ಅಕ್ಕಾರ, ನಾನೂ ಮನಿಗೆ ಹೋಗ್ತೀನಿ” ಎಂದರು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸಾಕು ಎಂದರೆ ನಾನು ಹೊರಗೆ ಹೋಗುತ್ತೇನೆ, ಮಂಚ ಒಳಗೇ ಉಳಿಯುತ್ತದೆ. ಆಗ ನನಗೆ ಹೊಳೆದದ್ದು ಸಮಿತಿಯವರು ಹೋಗಿದ್ದ ಮದುವೆ. ಇಡೀ ರೀತಿಯನ್ನು ಕಾನೂನಿಗೆ ತಂದವರು ಒಂದನ್ನೂ ಬಿಟ್ಟಿರಲಿಲ್ಲ. ಪಂಕ್ತಿ ನಡೆಯುವಾಗ ಬಂದವರಿಗೆ, ಯಾರಾದರೇನು, ಎಲೆ ಹಾಕಲೇಬೇಕು. ಹಸಿದವರನ್ನು ಬಾಗಿಲಿಂದ ತಿರುಗಿಸಿ ಕಳಿಸಿದರೆ ಮದುವೆಮನೆಗೆ ಶೋಭೆಯಲ್ಲ. ನಾನು ನನ್ನ ಪಕ್ಕದಲ್ಲಿ ಒಂದು ಎಲೆ ಹಾಸಿ, ನೀರು ಚಿಮುಕಿಸಿ, ಸದನಕ್ಕೆಲ್ಲ ಕೇಳುವಂತೆ ಕೂಗಿದೆ: “ನನ್ನ ಮಗಳು ಉಣ್ಣಾಕ ಬಂದಾಳ!”

ಕೂಗು ಕೇಳಿ ಸಭಾಧ್ಯಕ್ಷರೂ ಕಾರ್ಯದರ್ಶಿಯೂ ಬಂದರು. ಖಾದರಸಾಬರು ಸಭಾಧ್ಯಕ್ಷರನ್ನು ನೋಡಿದರು. ಸಭಾಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿ ತೂಗುಸೂರ್ಯನನ್ನು ನೋಡಿದರು. ಬಾಗಿಲು ತೆರೆಯಿತು. ಶಿವಲೀಲಾ ಎಲೆಯ ಮುಂದೆ ಕೂತು ಒಂದು ತುತ್ತು ಉಪ್ಪಿಟ್ಟು ನುಂಗಿದಳು; ಎರಡನೆಯದಕ್ಕೆ ಬಿಡುವಿರಲಿಲ್ಲ. ಮಂಚದ ಬಳಿ ಡಾಕ್ಟರಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹೆಣ್ಣು ಮಗು. ಅದರ ಮೊದಲ ಅಳು ಸಭಾಂಗಣದವರೆಗೆ ಕೇಳಿಸಿತು. ಸಭಾಧ್ಯಕ್ಷರು ಅದನ್ನು ಕಡತದಿಂದ ತೆಗೆಸಿಹಾಕಿದ್ದಾರೆ.

ಕೂತವರು ಏಳುವಂತಿಲ್ಲವಲ್ಲ. ಈಗ ನನ್ನ ಮಗಳೂ ಮೊಮ್ಮಗಳೂ ಪಂಕ್ತಿಯಲ್ಲಿದ್ದಾರೆ, ಜಾಲರಿಯ ಆಚೆ ನಿಂತು ಅಳುವುದು ಅಳಿಯನ ಪಾಳಿ. ಸುದ್ದಿ ಊರು ಮುಟ್ಟಿತು. ಕೆಲವು ದಿನಗಳಲ್ಲೇ ನೀಲಗಟ್ಟಿಯ ಇನ್ನಿಬ್ಬರು ತುಂಬು ಬಸುರಿಯರು ಬಾಗಿಲಿಗೆ ಬಂದು, “ಊಟಕ್ಕ ಬಂದೀವ್ರಿ” ಎಂದರು. ಎಲೆ ಹಾಸಿದೆ. ಆಮೇಲೆ ಮತ್ತೂ ಬಂದರು. ಈಗ ಇಲ್ಲಿ ಒಂದರ ಪಕ್ಕ ಒಂದು ತೊಟ್ಟಿಲು. ಕಳೆದ ಸಲ ಖಾತೆ ಬದಲಾದಾಗ ಆರೋಗ್ಯ ಖಾತೆ ತಮಗೆ ಬೇಡವೆಂದು ಎಲ್ಲರೂ ಕೈ ಮುಗಿದರು, ಹೀಗಾಗಿ ತೋಟಪ್ಪನವರಿಗೂ ಬಿಡುಗಡೆಯಿಲ್ಲ. ಕಾನೂನು ಬಂದ ಮೇಲೆ ಮೊದಲ ಸಲ ಒಬ್ಬ ಸಚಿವರು ನಿಜವಾಗಿ ಕೂತಿದ್ದಾರೆ. ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ, ಆಸ್ಪತ್ರೆಯನ್ನು ಊರಿಗೆ ಕಳಿಸಿ ಎಂದು ಸಂಪುಟಕ್ಕೆ ತಾವೇ ಬರೆಯುತ್ತಿರುತ್ತಾರೆ. ಸಂಪುಟದಿಂದ ಉತ್ತರ ಬಂದಿಲ್ಲ. “ಅವರನ್ನ ಕೇಳೋರು ಯಾರಿಲ್ಲೇನ್ರಿ?” ಎಂದು ನನ್ನನ್ನು ಕೇಳುತ್ತಾರೆ.

ಇದನ್ನು ಜಯವೆಂದು ತಿಳಿಯಬೇಡಿ. ಈ ಮಕ್ಕಳು ಆಕಾಶ ಕಂಡಿಲ್ಲ. ನನ್ನ ಮೊಮ್ಮಗಳು ತೂಗುಸೂರ್ಯನಿಗೆ ಕೈ ಚಾಚಿ ಚಂದಮಾಮ ಎನ್ನುತ್ತಾಳೆ. ನಾನು ಒಂದು ಮಾತು ಅಂದರೆ ತಾಯಂದಿರನ್ನೂ ಮಕ್ಕಳನ್ನೂ ಸರ್ಕಾರಿ ಕಾರಿನಲ್ಲಿ ಮನೆಬಾಗಿಲಿಗೆ ಬಿಡುತ್ತೇವೆಂದು ಮೇಲಿನವರು ಹೇಳಿ ಕಳಿಸಿದ್ದಾರೆ. ಶಿವಲೀಲಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. “ಇವಕ್ಕ ಬಿಸಿಲು ಬ್ಯಾಡೇನು?” ಎಂದಳು ಮೂರನೆಯ ದಿನ. ಬೇಕು. ಆದರೆ ನಾಳೆ ನೋವು ತಿನ್ನುತ್ತ ಬರುವವಳಿಗೆ ಎಲೆ ಹಾಸುವವರೂ ಬೇಕು. ಅವಳು ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಬಾಗಿಲಿಗೆ ಬಂದಿದ್ದ ಇನ್ನೊಬ್ಬ ಬಸುರಿಯ ಕೈ ಹಿಡಿದು ಒಳಗೆ ಕರೆತರಲು ಹೋದಳು. ಒಪ್ಪಿದಳೆಂದು ನಾನು ಹೇಳಲಾರೆ. ಹೋದಳು, ಅಷ್ಟೇ.

ನಾನು ಸಾಕು ಎನ್ನುವುದಿಲ್ಲ. ನೀವು ಬಂದು ನಮ್ಮನ್ನು ಬಿಡಿಸಿರೆಂದೂ ಕೇಳುವುದಿಲ್ಲ, ಹಿಂದಂಚೆಗೆ ಅಷ್ಟು ಶಕ್ತಿಯಿಲ್ಲ. ಒಂದೇ ಬೇಡಿಕೆ. ನಿಮ್ಮ ಸದನಕ್ಕೆ ಇನ್ನೂ ಬಾಗಿಲಿದೆ, ಅದು ಎರಡೂ ಕಡೆಗೆ ತೆರೆಯುತ್ತದೆ. ನಿಮ್ಮ ಶಾಸಕರು ಬೆಳಿಗ್ಗೆ ಸಚಿವರನ್ನು ಕೇಳಿ ಸಂಜೆ ಮನೆಗೆ ಹೋಗಬಹುದು. ಕೇಳುತ್ತಾರೆಯೇ ಎಂದು ನೋಡಿ. ಕೇಳದಿದ್ದರೆ ಏಕೆಂದು ನೀವು ಅವರನ್ನು ಕೇಳಿ. ಯಾವ ಊರು ಏನನ್ನೂ ಕೇಳುವುದಿಲ್ಲ ಎಂದು ಯಾರೋ ಈಗಲೇ ಪಟ್ಟಿಯ ಮೇಲೆ ಬೆರಳಾಡಿಸುತ್ತಿರಬಹುದು. ಆ ಬೆರಳು ನಿಮ್ಮ ಊರಿನ ಹೆಸರಿನ ಮೇಲೆ ನಿಲ್ಲದಿರಲಿ.

ಹೊಸಬಳಿಗೆ ನೋವು ಹೆಚ್ಚಾಗಿದೆ, ಡಾಕ್ಟರಮ್ಮ ಕರೆಯುತ್ತಿದ್ದಾರೆ. ಬಿಸಿನೀರು ಕಾಯಿಸಬೇಕು, ಎಲೆ ಒರೆಸಬೇಕು. ಅಲ್ಲಿ ಬೆಳಗಾದಾಗ ನಿಮ್ಮ ಮನೆಯ ಕೂಸನ್ನು ಅಂಗಳಕ್ಕೆ ಎತ್ತಿಕೊಂಡು ಹೋಗಿ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿ.

ನಿಮ್ಮ,
ಫಕೀರವ್ವ, ನೀಲಗಟ್ಟಿ