ಸಿಪಿಯುಗೆ ಹೊದಿಸಿದ ಶಾಲು

ಇಂದ್ರೇಶ್,

ನಾನು ಕೆಲಸಕ್ಕೆ ಹೊರಟೆ. ಕಂಪ್ಯೂಟರನ್ನು ಮತ್ತೆ ಬಿಚ್ಚಬೇಡ. ನೀನು ಎರಡು ಸಲ ವಿಂಡೋಸ್ ಹಾಕಿ, ಹೊಸ ರ‍್ಯಾಮ್ ತಂದದ್ದೆಲ್ಲ ದಂಡ.

ನಿಮ್ಮಮ್ಮ ಕ್ರಿಕೆಟ್ ಗೇಮ್ ಆಡಲು ಕುಳಿತರೆ ಹತ್ತೇ ಓವರಿಗೆ ಅದು ಏಕೆ ಆಫ್ ಆಗುತ್ತಿತ್ತೆಂದು ಇಂದು ಗೊತ್ತಾಯಿತು. ಒಳಗಿನ ಫ್ಯಾನಿನ ಗೊರಗೊರ ಸದ್ದು ಕೇಳಿ, ನಮ್ಮ ಈ ಕ್ರೇಗಿಬರ್ನ್ ಊರಿನ ಚಳಿಗೆ ಪಾಪ ಅದಕ್ಕೂ ಕಫ ಕಟ್ಟಿದೆ ಎಂದುಕೊಂಡು ಸಿಪಿಯುಗೆ ಶಾಲು ಹೊದಿಸುತ್ತಿದ್ದರು. ಬಿಸಿಯಾಗಿ ಫ್ಯಾನ್ ಜೋರಾದರೆ ಮೇಲೆ ಇನ್ನೊಂದು ಶಾಲು! ನೀನು ರಿಪೇರಿಗೆ ಕೂರುವ ಮೊದಲು, ಅಡ್ಡವಾಗಬಾರದೆಂದು ಎಲ್ಲ ತೆಗೆದು ಮಡಿಸಿಡುತ್ತಿದ್ದರು. ಅದಕ್ಕೇ ನಿನ್ನ ಕೈಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು.

"ಅತ್ತೆ, ಸೆಕೆ ತಡೀಲಾರದೆ ಅದು ಆಫ್ ಆಗ್ತಿದೆ" ಎಂದೆ. ಅವರ ಮುಖ ಚಿಕ್ಕದಾಯಿತು.

"ಅಯ್ಯೋ, ನಾನೇ ಅದರ ಉಸಿರು ಕಟ್ಟಿಸ್ತಿದ್ನೇನೇ?" ಎಂದು ಶಾಲುಗಳನ್ನು ಕಿತ್ತು, ಸಿಪಿಯುಗೆ ಕೈಮುಗಿದರು. ನೀನು ನಗಬೇಡ, ಅವರಿಗೆ ನಿಜವಾಗಿಯೂ ನೋವಾಗಿದೆ.

ಆಮೇಲೆ ಅದು ಒಮ್ಮೆಯೂ ಆಫ್ ಆಗಿಲ್ಲ. ಅತ್ತೆ ಈಗ ತೊಂಬತ್ತೊಂದು ನಾಟ್ ಔಟ್. ಸೆಂಚುರಿ ಆಗುವವರೆಗೆ ಕೀಬೋರ್ಡ್ ಬಿಟ್ಟು ಏಳುವುದಿಲ್ಲವಂತೆ. ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಇದೆ. ನೀನೇ ಚಮಚದಲ್ಲಿ ತಿನ್ನಿಸು. ಬೌಲರ್ ಓಡಿಬರುವಾಗ ಮಾತ್ರ ಬೇಡ.

ಸಂಯುಕ್ತಾ