ಎಡಗಾಲಿನ ಪಟ್ಟಿ

ಮಾರ್ಚ್ ೪, ಮಂಗಳವಾರ

ನನ್ನ ಕಪ್ಪೆಮರಿಗೆ,

ಅಪ್ಪನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ರೂಢಿ. ನನ್ನ ಎಡಗಾಲೊಂದನ್ನು ಬಿಟ್ಟರೆ ಈ ಮನೆಯಲ್ಲಿ ಉಳಿದವರೆಲ್ಲ ಕ್ಷೇಮ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಮೇಡಂ ಆದವಳನ್ನು ಇನ್ನೂ ಕಪ್ಪೆಮರಿ ಅಂತೀರಲ್ಲ ಎಂದು ನಿಮ್ಮಮ್ಮ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾಳೆ. ಮೂರನೆಯ ವರ್ಷದಿಂದಲೇ ಹೊಸ್ತಿಲನ್ನು ದಾಟದೆ ಹಾರುತ್ತಿದ್ದವಳಿಗೆ ಬೇರೆ ಏನೆಂದು ಹೆಸರಿಡಲಿ?

ನಿನ್ನ ಪತ್ರ ಬಂದು ಎರಡೂವರೆ ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲಿ ನೀನು ಪ್ರತಿ ಸಲ "ಅಪ್ಪಾ, ಪಟ್ಟಿ ಏನಾಯ್ತು?" ಎಂದಾಗಲೂ ನೂಲು ಬಂದಿಲ್ಲ, ಸೂಜಿ ಮುರಿದಿದೆ ಎಂದು ಹಾರಿಕೆಯ ಮಾತಾಡಿದೆ. ನೂಲೂ ಇತ್ತು, ಸೂಜಿಯೂ ಇತ್ತು. ಕಾಲಿನ ನೆಪ ಹೇಳೋಣವೆಂದರೆ ದಪ್ಪ ಹೊಲಿಗೆಯ ಯಂತ್ರವನ್ನು ನಾನು ಮೊದಲಿನಿಂದಲೂ ಬಲಗಾಲಿನಲ್ಲೇ ತುಳಿಯುವುದು. ತಡಕ್ಕೆ ಕಾರಣ ಬೇರೆಯೇ ಇದೆ. ಈ ಪತ್ರ ಮುಗಿಯುವುದರೊಳಗೆ ಹೇಳಬೇಕೆಂದುಕೊಂಡೇ ಕೂತಿದ್ದೇನೆ. ಫೋನಿನಲ್ಲಿ ಆಗುವುದಿಲ್ಲ, ನಿನ್ನ ದನಿ ಕೇಳಿದರೆ ನನ್ನ ಮಾತು ಸೆಕೆ, ಚಳಿ, ಊಟ ಆಯಿತಾ ಎನ್ನುವ ಕಡೆ ತಿರುಗಿಬಿಡುತ್ತದೆ.

ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ನಿನ್ನ ಶಾಲೆಯ ವ್ಯಾಯಾಮದ ಕೋಣೆಗೆ ತಂತಿಯಲ್ಲಿ ತೂಕ ಎಳೆಯುವ ರಾಟೆಯ ಯಂತ್ರ ಬಂದಿದೆ, ಉದ್ದ ಜಿಗಿತ ಹಾರುವ ಹುಡುಗಿಯರು ಆರು ಜನ ಇದ್ದಾರೆ, ಅವರ ತೊಡೆ ಸೊಂಟ ಗಟ್ಟಿಯಾಗಬೇಕು, ಅದಕ್ಕೆ ಕಾಲಿಗೆ ಕಟ್ಟುವ ಪಟ್ಟಿ ಆರು ಜೊತೆ ಬೇಕು. "ಅಂಗಡೀದು ಬೇಡ ಅಪ್ಪಾ, ನೀನು ಹೊಲಿದ್ರೆ ಮಾತ್ರ ಕಣ್ಮುಚ್ಚಿ ಕಟ್ತೀನಿ" ಎಂದು ಬರೆದಿದ್ದೀ. ಅದರ ಕೆಳಗೇ, "ತೂಕ ನಾನೇ ನಿಂತು ಹಾಕ್ತೀನಿ, ಆ ಮನುಷ್ಯನ ಹಾಗೆ ಮಾಡಲ್ಲ" ಎಂದೂ ಬರೆದಿದ್ದೀ. ನಿನ್ನ ಮಂಡಿ ಹೋಗಿ ಆರು ವರ್ಷವಾದರೂ ನಿನಗೆ ಕೋಚ್ ಸರ್ 'ಆ ಮನುಷ್ಯ'ನೇ.

ಇರಲಿ, ಮೊದಲು ನನ್ನ ಕಾಲಿನ ಕಥೆ. ಲಕ್ವದ ಸಣ್ಣ ಏಟು, ಬೇಗ ಕರೆತಂದಿರಿ, ಬಚಾವಾದರು ಎಂದು ಡಾಕ್ಟರು ನವೆಂಬರಿನಲ್ಲಿ ನಿನ್ನೆದುರೇ ಹೇಳಿದ್ದರಲ್ಲ. ಆ ಮೇಲೆ ನೀನು ಹೊರಟೆ, ಕಾಲು ಮಾತ್ರ ಮರಗಟ್ಟಿಯೇ ಉಳಿಯಿತು. ಹೋದ ವಾರ ನಮ್ಮ ಚೀಲದಂಗಡಿಯಿಂದ ನಡೆದು ಬಂದು ಕೂತೆ. ನಿಮ್ಮಮ್ಮ ನನ್ನ ಪಾದ ನೋಡಿ, "ರೀ, ಒಂದು ಚಪ್ಪಲಿ ಎಲ್ಲಿ ದಾನ ಮಾಡಿ ಬಂದ್ರಿ?" ಎಂದಳು. ಬೀದಿಯ ತಿರುವಿನಲ್ಲಿ ಬಿದ್ದಿತ್ತಂತೆ. ಬರಿಗಾಲಲ್ಲಿ ಅಷ್ಟು ದೂರ ನಡೆದದ್ದು ನನಗೆ ಗೊತ್ತೇ ಆಗಿಲ್ಲ. ಅವಳು ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿದಾಗಲೂ ಹೆದರಿಕೆ ಆಗಲಿಲ್ಲ. ಕಾಲಿಗಿಂತ ಮೊದಲೇ ಒಳಗೆ ಏನೋ ಜೋಮು ಹಿಡಿದಿದೆ, ನವೆಂಬರಿನದಲ್ಲ ಅದು.

ಈಗ ವಾರಕ್ಕೆ ಮೂರು ದಿನ ಕನ್ನಡಕದಂಗಡಿಯ ಮೇಲಿನ ಮಹಡಿಗೆ ಹೋಗುತ್ತೇನೆ. ಅಲ್ಲಿ ಗೋಡೆಯುದ್ದಕ್ಕೆ ಕನ್ನಡಿ, ನೆಲಕ್ಕೆ ಹಸಿರು ರಬ್ಬರ್ ಹಾಸು, ಮೂಲೆಯಲ್ಲಿ ಒಂದು ರಾಟೆಯ ಯಂತ್ರ. ವ್ಯಾಯಾಮ ಮಾಡಿಸುವ ಹುಡುಗಿ ನಿನಗಿಂತ ಚಿಕ್ಕವಳು. ಜುಟ್ಟು ಎತ್ತಿ ಕಟ್ಟಿಕೊಂಡು, "ಇನ್ನೊಂದೇ ಒಂದು ಸಲ ಅಂಕಲ್" ಎನ್ನುತ್ತ ಐದು ಸಲ ಮಾಡಿಸುತ್ತಾಳೆ. ಅವಳಿಗೆ ನಾನು ಇಟ್ಟ ಹೆಸರು ಹೆಡ್‌ಮಿಸ್ಸು. ಇಷ್ಟು ವರ್ಷ ಬೀದಿಯವರ ಕಾಲೆಳೆದುಕೊಂಡು ಬಂದವನಿಗೆ ಈಗ ತಕ್ಕ ಜನ ಸಿಕ್ಕಿದ್ದಾರೆ ಎಂದು ನಿಮ್ಮಮ್ಮನ ಅಭಿಪ್ರಾಯ.

ಮೊದಲ ದಿನ ಹೆಡ್‌ಮಿಸ್ಸು ಕಪಾಟಿನಿಂದ ಪಟ್ಟಿ ತೆಗೆದಳು. ಅದೇ, ಪಾದದ ಗಂಟಿನ ಮೇಲೆ ಸುತ್ತುವ ಅಗಲ ಪಟ್ಟಿ, ಅದಕ್ಕೊಂದು ಕಬ್ಬಿಣದ ಉಂಗುರ, ಉಂಗುರಕ್ಕೆ ರಾಟೆಯ ತಂತಿಯ ಕೊಕ್ಕೆ. "ಮೂಳೆ ಮೇಲೆ ಅಲ್ಲ ಅಂಕಲ್, ಎರಡು ಬೆರಳು ಮೇಲಕ್ಕೆ. ಒಳಗೆ ಒಂದು ಬೆರಳು ತೂರಬೇಕು, ಎರಡು ತೂರಬಾರದು. ಕಂಬಿ ಹಿಡ್ಕೊಳ್ಳಿ. ಕಾಲು ಹಿಂದಕ್ಕೆ ಎಳೀರಿ, ಸೊಂಟ ಅಲ್ಲಾಡಬಾರದು. ಬಿಡೋವಾಗಲೂ ಅಷ್ಟೇ ನಿಧಾನ." ನನಗೆ ಇದೆಲ್ಲ ಬಾಯಿಪಾಠ. ಮೈದಾನದ ಆ ಕೋಣೆಯ ಕಿಟಕಿಯ ಸರಳು ಹಿಡಿದು ನಿನ್ನನ್ನು ನೋಡುತ್ತ ನಿಂತವನಲ್ಲವೇ ನಾನು?

ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಉಂಗುರದ ಬುಡ ತಿರುಗಿಸಿ ನೋಡಿದೆ.

"ಏನು ನೋಡ್ತಿದೀರಾ?"

"ಹೊಲಿಗೆ. ಯಾರು ಹೊಲಿದದ್ದು?"

"ಯಾರೋ ಫ್ಯಾಕ್ಟರಿಯವರು. ಗಟ್ಟಿ ಇದೆ, ಕೊಡಿ ಕಾಲು."

ನನಗೆ ತುರ್ತು ಕೆಲಸವಿದೆ ಎಂದು ಎದ್ದು ಬಂದೆ. ಎರಡನೆಯ ಸಲವೂ ಹಾಗೇ ಬಂದೆ. ಮೂರನೆಯ ಸಲ ಅವಳು ಬಾಗಿಲಿಗೆ ಅಡ್ಡ ನಿಂತು ಕಟ್ಟಿಯೇಬಿಟ್ಟಳು. ಒಂದೇ ಬಿಲ್ಲೆ ತೂಕ. ಹಿಂದಕ್ಕೆ ಹತ್ತು, ಪಕ್ಕಕ್ಕೆ ಹತ್ತು. ಕನ್ನಡಿಯಲ್ಲಿ ಕಾಲು ಹೋಗುತ್ತಿತ್ತು, ಬರುತ್ತಿತ್ತು. ಅದು ನನ್ನದು ಎಂದು ನೋಡಿ ತಿಳಿಯಬೇಕು, ಅಷ್ಟೇ.

ನಿನಗೆ ಹೊಲಿದ ಮೊದಲ ಜೊತೆ ನೆನಪಿದೆಯಾ? ಅಂಗಡಿಯ ಪಟ್ಟಿ ಚರ್ಮ ತರಚುತ್ತದೆ ಎಂದು ನೀನು ರಾಗ ಎಳೆದಾಗ ಸೂಟ್‌ಕೇಸಿನ ದಪ್ಪ ಪಟ್ಟಿ ಕತ್ತರಿಸಿ, ಕ್ಯಾಮೆರಾ ಚೀಲದ ಸ್ಪಂಜು ಒಳಗಿಟ್ಟು ಮಾಡಿದ್ದೆ. ಅದಲುಬದಲಾಗದಿರಲಿ ಎಂದು ಬಲಕ್ಕೆ ಹಸಿರು ನೂಲು, ಎಡಕ್ಕೆ ಕೆಂಪು. ನಮ್ಮ ಚೀಲದ ಕೆಲಸದಲ್ಲಿ ಉಂಗುರ ಕೂರಿಸುವ ಕ್ರಮ ನೀನು ಚಿಕ್ಕಂದಿನಿಂದ ನೋಡಿದ್ದೀ. ಮೊದಲು ಒಂದೇ ಒಂದು ಕಚ್ಚಾ ಗೆರೆ ಹೊಲಿದು, ತೊಡುವವರಿಗೆ ತೊಡಿಸಿ ಅಳತೆ ನೋಡುವುದು. ಸರಿಯಿದ್ದರೆ ಬಿಚ್ಚಿಸಿಕೊಂಡು ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಗೆರೆ, ಅದರ ಮೇಲೆ ಮತ್ತೊಂದು ಸುತ್ತು. ಭಾರ ಹೊರುವುದು ಚೌಕ. ಕಚ್ಚಾ ಗೆರೆ ಬರೀ ಅಳತೆಗೆ.

ನಿಮ್ಮಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ.

ಮಾರ್ಚ್ ೭, ಶುಕ್ರವಾರ

ಮೂರು ದಿನ ಈ ಕಾಗದ ಯಂತ್ರದ ಡ್ರಾಯರಿನಲ್ಲಿತ್ತು. ಆರು ಜೊತೆಯನ್ನೂ ಹೊಲಿದು ಮುಗಿಸಿದ್ದೇನೆ. ನಿನ್ನೆ ಬೆಳಗ್ಗೆ ಶುರುಮಾಡಿ ಇವತ್ತು ಮಧ್ಯಾಹ್ನಕ್ಕೆ ಆಯಿತು. ಎರಡೂವರೆ ತಿಂಗಳು ಮುಟ್ಟದೇ ಇದ್ದದ್ದು ಒಂದೂವರೆ ದಿನದಲ್ಲಿ ಆದದ್ದಕ್ಕೂ ಕಾರಣವಿದೆ.

ಬುಧವಾರ ಕೋಚ್ ಸರ್ ಅಂಗಡಿಗೆ ಬಂದಿದ್ದರು. ಆರು ವರ್ಷದಲ್ಲಿ ಇದೇ ಮೊದಲು. ಮೈದಾನದ ಸಮಿತಿಯವರು ಅವರನ್ನು ತೆಗೆದ ಮೇಲೆ ಯಾವ ಕ್ಲಬ್ಬೂ ಸೇರಿಸಿಕೊಳ್ಳಲಿಲ್ಲವಂತೆ. ಈಗ ಈಜುಕೊಳದ ಬಾಗಿಲಲ್ಲಿ ಕೂತು ಬೀರುಗಳ ಬೀಗದ ಕೈ ಕೊಡುತ್ತಾರೆ. ಹೆಗಲ ಚೀಲದ ಜಿಪ್ಪು ಹೋಗಿತ್ತು. ನನ್ನನ್ನು ಕಂಡು ತಪ್ಪಿಸಿಕೊಂಡು ಹೋಗುವುದು ಬಿಟ್ಟು ನನ್ನ ಕೋಲು ನೋಡಿ, "ಏನಾಯ್ತು ಯಜಮಾನ್ರೇ?" ಎಂದು ಗಾಬರಿಯಾದರು. ಮೊಣಕಾಲು ಊರಿ ಕೂತು ನನ್ನ ಪಾದ ಒತ್ತಿ ನೋಡಿದರು. "ಬಿಡಬೇಡಿ, ಪಟ್ಟಿ ಕಟ್ಟಿ ದಿನಾ ಎಳೀರಿ, ಮೊದಲು ಕಮ್ಮಿ ತೂಕ" ಎಂದರು. ಹಳೆಯ ದನಿಯೇ.

ಆಮೇಲೆ ನಿನ್ನ ವಿಚಾರ ಕೇಳಿದರು. ಶಾಲೆಯಲ್ಲಿದ್ದಾಳೆ, ಮಂಡಿ ಆಪರೇಷನ್ ಆದ ಕಡೆ ಚಳಿಗೆ ನೋಯುತ್ತದಂತೆ ಎಂದೆ. ಅವರು ಚೀಲದ ಹಿಡಿಯನ್ನೇ ನೋಡುತ್ತ ಹೇಳಿದರು: "ಇವತ್ತಿಗೂ ಲೆಕ್ಕ ಹಾಕ್ತಾನೇ ಇರ್ತೀನಿ. ಅವತ್ತು ಎರಡು ಬಿಲ್ಲೆ ಜಾಸ್ತಿ ಹಾಕ್ಸಿದ್ದೆ. ಆಯ್ಕೆಗೆ ಹದಿನೆಂಟೇ ದಿನ ಅಂತ ಅವಸರ ಮಾಡಿದೆ. ಎಲ್ಲ ಹುಡುಗೀರ ಪಟ್ಟಿನೂ ಕೊಕ್ಕೆ ಹಾಕೋ ಮೊದಲು ಎಳೆದು ನೋಡ್ತಿದ್ದೆ. ನಿಮ್ಮ ಮಗಳದ್ದು ಮಾತ್ರ ನೋಡ್ತಿರಲಿಲ್ಲ. 'ಬೇಡ ಸರ್, ನಮ್ಮಪ್ಪ ಹೊಲಿದದ್ದು' ಅಂತಿದ್ಲು. ನನಗೂ ಹೌದಲ್ಲ ಅನ್ಸೋದು. ನಿಮ್ಮ ಹೊಲಿಗೆ ಕಿತ್ತೋಗ್ಬೇಕಾದ್ರೆ ತೂಕ ಎಷ್ಟಿರಬೇಕು ಹೇಳಿ. ನನ್ನದೇ ತಪ್ಪು ಯಜಮಾನ್ರೇ."

ನಾನು ಕೂತು ಜಿಪ್ಪು ಬಿಚ್ಚುತ್ತಿದ್ದೆ. ಶನಿವಾರ ಬನ್ನಿ, ಚೀಲ ಕೊಡುತ್ತೇನೆ ಎಂದೆ. ಅವರು ಹೋದ ಮೇಲೆ ಒಳಗೆ ಎಲ್ಲಾದರೂ ಚುರುಕ್ಕೆನ್ನುತ್ತದೆಯೇ ಎಂದು ಕಾದೆ. ಏನೂ ಆಗಲಿಲ್ಲ. ಎಡಗಾಲಿಗೆ ಸೂಜಿ ಚುಚ್ಚಿ ನೋಡುವ ಡಾಕ್ಟರು, "ಗೊತ್ತಾಗ್ತಿದೆಯಾ?" ಎಂದು ಕೇಳುತ್ತಾರಲ್ಲ, ಹಾಗೆ ನನ್ನನ್ನೇ ಕೇಳಿಕೊಂಡೆ. ಗೊತ್ತಾಗುತ್ತಿಲ್ಲ. ಆದರೆ ಗೊತ್ತಾಗಲಿ ಬಿಡಲಿ, ಕಾಲು ಎಳೆಯಬೇಕು ಎನ್ನುತ್ತಾಳೆ ಹೆಡ್‌ಮಿಸ್ಸು. ಎಳೆಯುತ್ತ ಹೋದರೆ ಆಮೇಲೆ ಅರಿವು ತಾನೇ ಬರುತ್ತದಂತೆ. ಮರುದಿನವೇ ಯಂತ್ರದ ಮುಂದೆ ಕೂತೆ.

ಹೊಸ ಪಟ್ಟಿಗಳಲ್ಲಿ ಒಳಗೆ ಸ್ಪಂಜು ಎರಡು ಪದರ. ಅಂಟುಪಟ್ಟಿ ಉದ್ದ ಬಿಟ್ಟಿದ್ದೇನೆ, ಸಣ್ಣ ಕಾಲಿನ ಹುಡುಗಿಯರಿಗೂ ಬಿಗಿಯಾಗುತ್ತದೆ. ಹಿಂದಕ್ಕೆ ಎಳೆಯುವಾಗ ಉಂಗುರ ಮುಂದೆ ಬರಲಿ, ಪಕ್ಕಕ್ಕೆ ಎಳೆಯುವಾಗ ಒಳಗಡೆ. ಬೆವರಾದರೆ ನೆರಳಲ್ಲಿ ಒಣಗಿಸು. ತೂಕದ ವಿಚಾರ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ನೀನು ನಿನ್ನ ಗುರುಗಳಿಂದ ಚೆನ್ನಾಗಿಯೇ ಕಲಿತಿದ್ದೀ.

ನಿಮ್ಮಮ್ಮ ಚೆನ್ನಾಗಿದ್ದಾಳೆ. ಬರುವ ರಜೆಗೆ ನೀನು ಬರುತ್ತೀಯೆಂದು ನಿನ್ನ ಕೋಣೆಯ ಪರದೆ ಒಗೆದು ಹಾಕಿದ್ದಾಳೆ. ನಿನ್ನ ಆರೂ ಹುಡುಗಿಯರು ನಿನ್ನಷ್ಟೇ ದೂರ ಹಾರಲಿ, ನಿನಗಿಂತ ಹೆಚ್ಚು ವರ್ಷ ಹಾರಲಿ. ನಿನ್ನ ಮಂಡಿ ನೋಯದಿರಲಿ. ಇಷ್ಟು ಹರಸುವ ಹಕ್ಕು ನನಗೆ ಇನ್ನೂ ಇದೆಯೆಂದುಕೊಂಡು ಹರಸಿದ್ದೇನೆ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯವರೆಗೂ ಮುಂದೂಡಿದ್ದು.

ಕೆಂಪು ನೂಲಿನ ಪಟ್ಟಿಗೆ ನಾನು ಚೌಕ ಹಾಕಿರಲಿಲ್ಲ. ಹಸಿರಿನದು ಮುಗಿದಿತ್ತು. ಎಡದ್ದನ್ನು ಕಚ್ಚಾ ಗೆರೆಯಲ್ಲಿ ನಿನ್ನ ಕಾಲಿಗೆ ತೊಡಿಸಿದೆ. "ಸರಿಯಾಗಿದೆ ಅಪ್ಪಾ" ಎಂದು ನೀನು ಅಂಗಡಿಯ ತುಂಬ ಕುಪ್ಪಳಿಸಿ, ಎರಡನ್ನೂ ಚೀಲಕ್ಕೆ ತುರುಕಿಕೊಂಡು ಓಡಿದೆ. ನಾಲ್ಕನೆಯ ದಿನ ನನಗೆ ನೆನಪಾಯಿತು. ನಿನ್ನ ಚೀಲ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಯಂತ್ರಕ್ಕೆ ಬಟ್ಟೆ ಹೊದಿಸಿಯಾಗಿತ್ತು, ನಾಳೆ ಹಾಕಿದರಾಯಿತು ಎಂದುಕೊಂಡೆ. ಏಳು ದಿನ ಹಾಗೇ ಅಂದುಕೊಂಡೆ. ಎರಡು ನಿಮಿಷದ ಕೆಲಸ.

ಹನ್ನೊಂದನೆಯ ದಿನ ಅದು ಕಿತ್ತುಬಂತು. ನೀನು ಮುಗ್ಗರಿಸಿದೆ, ನಿಂತಿದ್ದ ಬಲಗಾಲಿನ ಮಂಡಿ ತಿರುಚಿತು. ನಾನು ಕಿಟಕಿ ಬಿಟ್ಟು ಒಳಗೆ ಓಡಿ ಬಂದೆ. ನೀನು "ಅಪ್ಪಾ, ಅಪ್ಪಾ" ಎಂದು ಕೂಗುತ್ತಿದ್ದೆ. ನಾನು ಮೊದಲು ಬಗ್ಗಿದ್ದು ನಿನ್ನ ಕಡೆಗಲ್ಲ, ಪಟ್ಟಿಯ ಕಡೆಗೆ. ಅದನ್ನು ಜೇಬಿಗೆ ಹಾಕಿಕೊಂಡ ಮೇಲೆ ನಿನ್ನನ್ನು ಎತ್ತಿದೆ. ಸಮಿತಿಯವರ ಮುಂದೆ ಕೋಚ್ ಸರ್ "ಆ ಪಟ್ಟಿ ಎಲ್ಲಿ, ಒಂದ್ಸಲ ನೋಡ್ಬೇಕು" ಎಂದು ಎರಡು ಸಲ ಕೇಳಿದರು. ನಾನು ನೋಡಿಲ್ಲ ಎಂದೆ. ನಿಮ್ಮಮ್ಮನಿಗೂ ಈವರೆಗೆ ಹೇಳಿಲ್ಲ. ಇದನ್ನು ಅಂಟಿಸುವ ಮೊದಲು ಅವಳಿಗೆ ಓದಿ ಹೇಳುತ್ತೇನೆ. ನಾಳೆ ಶನಿವಾರ, ಕೋಚ್ ಸರ್ ಚೀಲಕ್ಕೆ ಬಂದಾಗ ಅವರಿಗೂ ಹೇಳುತ್ತೇನೆ. ಆಮೇಲೆ ಸಮಿತಿಯವರಿಗೆ.

ಪಾರ್ಸೆಲ್ಲಿನ ಅಡಿಯಲ್ಲಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿರುವುದು ಆ ಕೆಂಪು ನೂಲಿನ ಪಟ್ಟಿ. ಆರು ವರ್ಷದಿಂದ ಯಂತ್ರದ ಅಡಿಯ ಡಬ್ಬಿಯಲ್ಲಿತ್ತು. ಉಂಗುರವಿದ್ದ ಜಾಗದಲ್ಲಿ ಸೂಜಿಯ ತೂತು ಒಂದೇ ಸಾಲು ಇದೆ, ನೋಡಿದರೆ ನಿನಗೇ ತಿಳಿಯುತ್ತದೆ.

ಹೊಸ ಹನ್ನೆರಡನ್ನೂ ಹುಡುಗಿಯರ ಕಾಲಿಗೆ ಕಟ್ಟುವ ಮೊದಲು ಉಂಗುರ ಹಿಡಿದು ಒಂದೊಂದನ್ನೇ ಜೋರಾಗಿ ಎಳೆದು ನೋಡು. ನಮ್ಮಪ್ಪ ಹೊಲಿದದ್ದು ಎಂದು ಬಿಡಬೇಡ.